ಹೋಗುವ ಹೊಲಿಗೆ, ಬರುವ ಹೊಲಿಗೆ

ರಾತ್ರಿ ಅಂಗಡಿ ಮುಚ್ಚುವಾಗ ಕಂಪ್ಯೂಟರು ಕೇಳಿತ್ತಂತೆ,
ಈಗಲೋ, ಆಮೇಲೋ? ನೋರೀನ್
ಕನ್ನಡಕ ಸಿಗದೆ ಯಾವುದೋ ಒಂದನ್ನು ಒತ್ತಿ
ದೀಪ ಆರಿಸಿ ಮನೆಗೆ ಹೋದಳು.

ಬೆಳಿಗ್ಗೆ ಬಂದು ನೋಡಿದರೆ
ಪರದೆಯ ತುಂಬ ಯಾರದೋ ಊರಿನ ನೀಲಿ ಸರೋವರ,
ಮೂಲೆಯಲ್ಲಿದ್ದ ಗುಂಡಿಗಳೆಲ್ಲ ನಡುವಿಗೆ ಬಂದು ಕೂತಿವೆ
ಬೀಗರಂತೆ.

ಬ್ಯಾಲರಟ್, ಆಗಸ್ಟ್, ಹೊರಗೆ ಎರಡು ಡಿಗ್ರಿ.
ಹನ್ನೆರಡು ಸೂಜಿಯ ಯಂತ್ರ
ಬಾಯಲ್ಲಿ ದಾರ ಕಚ್ಚಿಕೊಂಡು ಕಾಯುತ್ತಿದೆ.
ಶನಿವಾರದೊಳಗೆ ನೆಟ್‌ಬಾಲ್ ಹುಡುಗಿಯರ ಮೂವತ್ತೆಂಟು ಜಾಕೆಟ್ಟು,
ಎದೆಯ ಮೇಲೆ ಒಂದೊಂದು ಕೂಕಬುರ್ರಾ.
ಹಕ್ಕಿ ಇರುವುದು ಹಳೆಯ ಪ್ರೋಗ್ರಾಮಿನ ಹೊಟ್ಟೆಯಲ್ಲಿ.
ಪ್ರೋಗ್ರಾಮು ಏಳುತ್ತಿಲ್ಲ.

‘ಇದು ನಿಮ್ಮ ಪಿಸಿಯಲ್ಲಿ ನಡೆಯುವುದಿಲ್ಲ’
ಎಂದಿತು ಪರದೆ, ಕಾರಣ ಕೊಡದೆ,
ತಾಲೂಕು ಕಚೇರಿಯ ಗುಮಾಸ್ತ
ಊಟಕ್ಕೆ ಎದ್ದ ಹಾಗೆ.

ನನಗೆ ಕಂಪ್ಯೂಟರ್ ಬರುತ್ತದೆಂದು ನೋರೀನಳ ನಂಬಿಕೆ.
ಇಂಡಿಯಾದವಳು ಅಂದರೆ ಸಾಕು, ಈ ಊರಲ್ಲಿ
ಆ ಪಟ್ಟ ತಾನಾಗಿ ತಲೆಗೇರುತ್ತದೆ.
ನನಗೆ ಗೊತ್ತಿರುವುದು ದಾರ.
ಧಾರವಾಡದ ಕಾಮನಕಟ್ಟಿಯಲ್ಲಿ ಚಿಕ್ಕಮ್ಮನ ಪಕ್ಕ ಕೂತು
ಸೀರೆಯ ಎಳೆ ಎಣಿಸಿದವಳು.

ಆದರೂ ಮೌಸಿನ ಬಲಗುಂಡಿ ಒತ್ತಿದೆ.
ಒಂದು ಪಟ್ಟಿ, ಪಟ್ಟಿಯೊಳಗೊಂದು ಪಟ್ಟಿ,
ಅದರ ತಳದಲ್ಲೊಂದು ಸಣ್ಣ ಚೌಕ:
ಇದಕ್ಕೆ ಸುಳ್ಳು ಹೇಳಲೇ?
ಹಾಗೆ ಬರೆದಿರಲಿಲ್ಲ, ಅರ್ಥ ಅಷ್ಟೇ.
ಇದಿನ್ನೂ ತೊಂಬತ್ತೆಂಟು, ಏನೂ ಬದಲಾಗಿಲ್ಲ,
ಏಳು ಮಗಾ, ಅಂತ.
ಟಿಕ್ ಹಾಕಿದೆ.
ಎದ್ದೇಬಿಟ್ಟಿತು! ಬೂದು ಕಿಟಕಿ, ದಪ್ಪ ಅಕ್ಷರ.
ಮರುಕ್ಷಣ ಕೀಲಿ ಕೇಳಿತು.

ಕೀಲಿ ಇತ್ತು ಡ್ರಾಯರಿನಲ್ಲಿ,
ಬೆಂಕಿಪೊಟ್ಟಣದಷ್ಟು, ಇಪ್ಪತ್ತೈದು ಹಲ್ಲು.
ಕಚ್ಚಲು ಹೊಸ ಡಬ್ಬಿಗೆ ತೂತೇ ಇಲ್ಲ.

ಮೆಲ್ಬರ್ನಿನ ಹುಡುಗನೊಬ್ಬ ಫೋನಿನಲ್ಲಿ
ಹೊಸ ಪ್ರೋಗ್ರಾಮಿನ ಗುಣಗಾನ ಮಾಡಿದ,
ತಿಂಗಳಿಗಿಷ್ಟು ಬಾಡಿಗೆ, ಮೊದಲ ತಿಂಗಳು ಪುಕ್ಕಟೆ.
ಅದು ಹಕ್ಕಿಯನ್ನು ತೆರೆಯಿತು. ಕೇಳದೆಯೇ ದುರಸ್ತಿಯನ್ನೂ ಮಾಡಿತು:
ಕಣ್ಣಿನಲ್ಲಿ ದಾರಿ ತಪ್ಪಿದ್ದ ಒಂದು ಹೊಲಿಗೆಯನ್ನು ಹಿಡಿದು
ಸಾಲಿನಲ್ಲಿ ನಿಲ್ಲಿಸಿತು.

ನೋರೀನ್ ನೋಡಿದಳು. ಬಹಳ ಹೊತ್ತು ನೋಡಿದಳು.
‘ಇದು ನಮ್ಮ ಹಕ್ಕಿ ಅಲ್ಲ.’

ತೊಂಬತ್ತೆಂಟರಲ್ಲಿ ಬೆವ್ ಹಾರ್ಕ್‌ನೆಸ್ ಕೂತು ಬಿಡಿಸುವಾಗ
ಮೌಸು ಜಾರಿ ಬಿದ್ದ ಹೊಲಿಗೆ ಅದು.
ಹಕ್ಕಿಗೆ ಆ ಓರೆನೋಟ ಬಂದದ್ದು ಅದರಿಂದ,
ಎದುರು ತಂಡವನ್ನು
‘ಓಹೋ, ನೀವೋ?’ ಎನ್ನುವಂಥದ್ದು.
ಬೆವ್ ಈಗ ಕ್ವೀನ್ಸ್‌ಲ್ಯಾಂಡಿನಲ್ಲಿ, ಮಂಡಿನೋವು, ಎರಡು ಮಾವಿನ ಮರ.
ಅಷ್ಟು ತಾಯಂದಿರು, ಆಮೇಲೆ ಅವರ ಹೆಣ್ಣುಮಕ್ಕಳು
ಅದೇ ಓರೆಗಣ್ಣನ್ನು ಎದೆಯ ಮೇಲಿಟ್ಟುಕೊಂಡು
ವರ್ಷವರ್ಷ ಸೋತಿದ್ದಾರೆ.

ಗುರುವಾರ ಡೆಸ್ ಪ್ಯಾಸ್ಕೋ
ಕೋಳಿಗೂಡಿನ ಹಿಂದಿನ ಶೆಡ್ಡಿನಿಂದ
ಕಂಬಳಿ ಸುತ್ತಿ ತಂದ ಒಂದು ಡಬ್ಬ,
ಹಳೆಯ ಹಲ್ಲಿನ ಬಣ್ಣ, ಒಳಗೆ ಹೊಟ್ಟು, ಒಣಗಿದ ಜೇಡ.
ಹಿಂಬದಿಯಲ್ಲಿ, ದೇವರೇ, ಆ ತೂತು.
ಗಡಿಯಾರದ ಸೆಲ್ಲು ಸತ್ತು ಅದಕ್ಕೆ ಯಾವಾಗ ಹಚ್ಚಿದರೂ
ಎಂಬತ್ತನೇ ಇಸವಿಯ ಜನವರಿ ಒಂದು.
ಸುಳ್ಳು ಹೇಳುವ ಕಷ್ಟ
ನಮಗೆ ಉಳಿಯಿತು.

ಗವಂತಿ ಹಾಕುವಾಗ ಚಿಕ್ಕಮ್ಮ ಗಂಟಿಗೆ ಬಿಡುತ್ತಿರಲಿಲ್ಲ.
ಹೋಗುತ್ತಾ ಒಂದು ಬಿಟ್ಟು ಒಂದು,
ತಿರುಗಿ ಬರುವಾಗ ಬಿಟ್ಟದ್ದನ್ನು ತುಂಬು.
ಎಲ್ಲೆಲ್ಲಿ ಬಿಟ್ಟಿ ಅನ್ನೋದು ಕೈಗೆ ನೆನಪಿರಲಿ,
ಸಾಕು ತಂಗಿ, ಅನ್ನುತ್ತಿದ್ದಳು.

ಫ್ಲಾಪಿ ಕಟಕಟ ಅಂದಿತು.
ಸೂಜಿ ಕೆಳಗಿಳಿಯಿತು: ಕೊಕ್ಕು, ಕಂದು ರೆಕ್ಕೆ,
ಕೊನೆಗೆ ಕಣ್ಣು. ಅದು ಜಾರುವಾಗ
ಇಬ್ಬರೂ ಉಸಿರು ಹಿಡಿದಿದ್ದೆವು.

ಪಕ್ಕದ ಮೇಜಿನಲ್ಲಿ ಹೊಸದು ಬೆಳಗುತ್ತಾ
ಮತ್ತೇನೋ ಬಂದಿದೆಯಂತೆ, ಕೇಳುತ್ತಿದೆ,
ಈಗಲೋ, ಆಮೇಲೋ?
ನೋರೀನ್ ಕೈಯಲ್ಲಿದ್ದ ಜಾಕೆಟ್ಟು ಕೆಳಗಿಟ್ಟು
ಮೊದಲು ಕನ್ನಡಕ ಹಾಕಿಕೊಂಡಳು.